ಮೂಗಿನೊಳಗೊಂದು ದ್ರಾಕ್ಷಿ

ಮಕ್ಕಳೇ, ನಾಲ್ಕು ಕಾಳು ಜೀರಿಗೆ ತೆಗೆದುಕೊಳ್ಳಿ. ಮೂಗನ್ನು ಬೆರಳುಗಳಿಂದ ಮುಚ್ಚಿಕೊಂಡು ಅಗಿಯಿರಿ. ತುಸು ಕಹಿ ಎನಿಸಬಹುದು, ಅಷ್ಟೆ. ಈಗ ಬೆರಳು ತೆಗೆಯಿರಿ. ಘಮ್ಮೆಂದು ಜೀರಿಗೆಯ ರುಚಿ ಬಂತಲ್ಲವೇ? ನಾವು ರುಚಿ ಎನ್ನುವುದರಲ್ಲಿ ವಾಸನೆಯ ಪಾಲೇ ದೊಡ್ಡದು.

ತಿಂಗಳುಗಟ್ಟಲೆ ಮೂಗು ಹೀಗೆ ಮುಚ್ಚಿಕೊಂಡೇ ಇದ್ದರೆ? ಸಾರಿನ ಘಮವಿಲ್ಲ, ರಾತ್ರಿಯೆಲ್ಲ ಬಾಯಿಂದಲೇ ಉಸಿರಾಟ. ಅಂಥವರನ್ನು ಕಂಡು ಹಿರಿಯರು "ಮೂಗಿನಲ್ಲಿ ಮಾಂಸ ಬೆಳೆದಿದೆ" ಎನ್ನುವುದುಂಟು. ವೈದ್ಯರು ಇದನ್ನು ಪಾಲಿಪ್ ಎಂದು ಕರೆಯುತ್ತಾರೆ.

ನಿಜ ಹೇಳಬೇಕೆಂದರೆ ಅದು ಮಾಂಸವಲ್ಲ. ಮೂಗಿನ ಒಳಗೋಡೆಗೂ ಅದರ ಸುತ್ತಲಿನ ಮೂಳೆಗಳಲ್ಲಿರುವ ಸೈನಸ್ ಎಂಬ ಗಾಳಿಗೂಡುಗಳಿಗೂ ತೇವವಾದ ತೆಳುಪೊರೆಯ ಹೊದಿಕೆಯಿದೆ. ಬಹುಕಾಲ ಉರಿಯೂತ ಉಳಿದರೆ ಪೊರೆ ನೀರು ತುಂಬಿಕೊಂಡು ಊದಿ, ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಜೋತುಬೀಳುತ್ತದೆ. ಮುಟ್ಟಿದರೆ ನೋವಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಆಸ್ತಮಾ ಇರುವ ದೊಡ್ಡವರಲ್ಲಿ ಹೆಚ್ಚು, ನಿಮ್ಮ ವಯಸ್ಸಿನವರಲ್ಲಿ ಅಪರೂಪ. ಕನ್ನಡಿಯಲ್ಲಿ ನಿಮ್ಮ ಮೂಗಿನೊಳಗೆ ಗುಲಾಬಿ ಬಣ್ಣದ ಉಬ್ಬು ಕಂಡರೆ ಗಾಬರಿಯಾಗಬೇಡಿ, ಅಂಥದ್ದು ಎಲ್ಲರಿಗೂ ಇರುತ್ತದೆ.

ಹಿಂದಿನವರು ಇದನ್ನು ಹೇಗೆ ತೆಗೆಯುತ್ತಿದ್ದರು ಗೊತ್ತೇ? ಸುಮಾರು 2400 ವರ್ಷಗಳ ಹಿಂದೆ, ಹಿಪ್ಪೊಕ್ರಟಿಸನ ಕಾಲದ ಗ್ರೀಕ್ ವೈದ್ಯರು ಸ್ಪಂಜಿನ ತುಂಡಿಗೆ ದಾರ ಕಟ್ಟಿ, ದಾರವನ್ನು ಮೂಗಿನಿಂದ ಹಾಯಿಸಿ ಬಾಯಿಂದ ಹೊರತಂದು, ಜಗ್ಗಿ ಎಳೆಯುತ್ತಿದ್ದರು! ಅರಿವಳಿಕೆ ಇಲ್ಲದ ಕಾಲ ಅದು. ಈಗ ಎಂಡೋಸ್ಕೋಪ್ ಎಂಬ ಸಣ್ಣ ಕೊಳವೆಯಿಂದ ಒಳಗೆ ನೋಡುತ್ತ, ಹೊರಗೆ ಗಾಯವೇ ಇಲ್ಲದಂತೆ ತೆಗೆಯುತ್ತಾರೆ.

ಹಾಗಾದರೆ ತೆಗೆದರೆ ಮುಗಿಯಿತೇ? ಇಲ್ಲೇ ಹಲವರು ಎಡವುವುದು. ಯಳವತ್ತಿ, ಲಕ್ಷ್ಮೇಶ್ವರದ ಕಡೆಯ ಎರೆಹೊಲದಲ್ಲಿ ಕರಿಕೆ ಕಿತ್ತವರನ್ನು ಕೇಳಿ. ಮೇಲಿನ ಹುಲ್ಲು ಕಿತ್ತರೆ ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಪಾಲಿಪ್‌ನ ಬೇರು ಉರಿಯೂತ. ಅದು ಉಳಿದರೆ ಪಾಲಿಪ್ ಮರಳಿ ಬರಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲೂ ನಂತರವೂ ವೈದ್ಯರು ಉರಿಯೂತ ಇಳಿಸುವ ಸ್ಟಿರಾಯ್ಡ್ ಸ್ಪ್ರೇ ಕೊಡುತ್ತಾರೆ. ಇದರ ಗುಣ ಕಾಣಲು ವಾರಗಳೇ ಬೇಕು. ನಾಲ್ಕು ದಿನ ಹಾಕಿ "ಉಪಯೋಗವಿಲ್ಲ" ಎಂದು ಬಿಟ್ಟುಬಿಡುವವರೇ ಬಹಳ. ಹಾಕುವ ರೀತಿಯೂ ಮುಖ್ಯ: ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಆಗ ಔಷಧಿ ನಡುಗೋಡೆಗೆ ಬಡಿಯದೆ ಕಿವಿಯ ಕಡೆಗೆ ಹೋಗುತ್ತದೆ.

ಉಪ್ಪುನೀರಿನಿಂದ ಮೂಗು ತೊಳೆಯುವುದೂ ಹಿತ. ಅರ್ಧ ಲೀಟರಿಗೆ ಸುಮಾರು 5 ಗ್ರಾಂ ಉಪ್ಪು ಸಾಕು. ಆದರೆ ಬೋರ್‌ವೆಲ್ ನೀರಾಗಲಿ ಕೆರೆಯ ನೀರಾಗಲಿ ನೇರವಾಗಿ ಬೇಡವೇ ಬೇಡ. ಕುದಿಸಿ ಆರಿಸಿದ ನೀರೇ ಆಗಬೇಕು, ಏಕೆಂದರೆ ಕುಡಿದರೆ ತೊಂದರೆ ಕೊಡದ ಕೆಲವು ಸೂಕ್ಷ್ಮಜೀವಿಗಳು ಮೂಗಿನ ಮೂಲಕ ಮಿದುಳಿಗೇ ಹೋಗಬಲ್ಲವು. ಮೆಣಸಿನಕಾಯಿ, ಜೋಳದ ರಾಶಿಯ ದೂಳು ಕೆರಳಿದ ಮೂಗನ್ನು ಇನ್ನಷ್ಟು ಕೆರಳಿಸುತ್ತದೆ. ಮನೆಯಲ್ಲಿ ಇಂಥವರಿದ್ದರೆ ರಾಶಿಯ ದಿನ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿ. ಆ್ಯಸಿಡ್ ಹಚ್ಚಿ ಸುಟ್ಟು ತೆಗೆಯುತ್ತೇವೆ ಎನ್ನುವವರ ಬಳಿ ಮಾತ್ರ ಹೋಗಗೊಡಬೇಡಿ. ಗದಗಿನ ಜಿಮ್ಸ್ ಆಸ್ಪತ್ರೆಯಲ್ಲೇ ಕಿವಿ, ಮೂಗು, ಗಂಟಲಿನ ವೈದ್ಯರಿದ್ದಾರೆ.

ಒಂದೇ ಹೊಳ್ಳೆ ಕಟ್ಟಿದ್ದರೆ, ರಕ್ತ ಬಂದರೆ ತಡಮಾಡದೆ ತೋರಿಸಬೇಕು. ನಿಮ್ಮ ಪುಟ್ಟ ತಮ್ಮನ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬರುತ್ತಿದೆಯೇ? ಅದು ಬಹುಶಃ ಪಾಲಿಪ್ ಅಲ್ಲ, ಅವನೇ ತುರುಕಿಕೊಂಡ ಶೇಂಗಾ ಬೀಜ! ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಗೆ ಹೋದೀತು.