ಮೈ ತೊಳೆದು ತೊಟ್ಟಿಗಿಳಿಯಿರಿ: ಜಪಾನಿನ ಸ್ನಾನದ ಕ್ರಮ

ಜಪಾನಿನ ಮನೆಗಳ ಬಚ್ಚಲಲ್ಲಿ ಬಿಸಿನೀರು ತುಂಬಿದ ತೊಟ್ಟಿಯ ಪಕ್ಕದಲ್ಲೇ ಒಂದು ಶವರು, ಕುಳ್ಳ ಸ್ಟೂಲು, ಬೋಗುಣಿ ಇರುತ್ತವೆ. ಹೊಸಬರು ಸೋಪು ಹಿಡಿದು ನೇರ ತೊಟ್ಟಿಗೇ ಇಳಿದುಬಿಡುವುದುಂಟು. ಅಲ್ಲಿಯವರಿಗೆ ಅದು ಸಹಿಸಲಾಗದ ತಪ್ಪು. ತೊಟ್ಟಿ ಇರುವುದು ಕೊಳೆ ತೆಗೆಯಲಿಕ್ಕಲ್ಲ; ತೊಳೆದ ಮೈಯನ್ನು ಬಿಸಿನೀರಲ್ಲಿ ನೆನೆಸಿ ದಣಿವು ಇಳಿಸಲಿಕ್ಕೆ. ಅದೇ ನೀರಿಗೆ ಮನೆಮಂದಿ ಒಬ್ಬರಾದ ಮೇಲೆ ಒಬ್ಬರು ಇಳಿಯುತ್ತಾರೆ. ಮುಂದಿನವರಿಗೆ ನೀರು ಶುಭ್ರವಾಗಿ ಉಳಿಯಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಕಟ್ಟಳೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ನಮ್ಮಲ್ಲಿ ಸ್ನಾನ ಬೆಳಗಿನ ಕೆಲಸ. ಅಲ್ಲಿ ಹೆಚ್ಚಿನವರಿಗೆ ರಾತ್ರಿಯದು, ಮಲಗುವ ಮುಂಚಿನದು. ಮನೆಯ ಸ್ನಾನಕ್ಕೆ 'ಒಫುರೊ' ಎನ್ನುತ್ತಾರೆ. ಗೋಡೆಯ ಮೇಲಿನ ಗುಂಡಿ ಒತ್ತಿದರೆ 40-41 ಡಿಗ್ರಿ ಸೆಲ್ಸಿಯಸ್‌ನ ನೀರು ತುಂಬಿ ತಾನೇ ನಿಲ್ಲುತ್ತದೆ. ಒಬ್ಬರು ಎದ್ದುಬಂದ ಮೇಲೆ ಕಾವು ಹೋಗದಂತೆ ತೊಟ್ಟಿಗೆ ಮುಚ್ಚಳ ಹಾಕುತ್ತಾರೆ. ಆರಿದ್ದರೆ ಅದೇ ನೀರನ್ನು ಮತ್ತೆ ಕಾಯಿಸುವ ವ್ಯವಸ್ಥೆ ಬಹಳಷ್ಟು ಮನೆಗಳಲ್ಲಿದೆ. ಹಿಂದೆ ಮೊದಲ ಸರದಿ ಮನೆಯ ಯಜಮಾನನದು. ಅತಿಥಿ ಬಂದರೆ ಇಂದಿಗೂ ಅವರಿಗೇ ಮೊದಲು. ಹಾಗಾಗಿ ನೀವು ಅತಿಥಿಯಾಗಿ ಹೋದಾಗ ಸ್ನಾನ ಮುಗಿಸಿ ತೊಟ್ಟಿಯ ನೀರು ಬಿಟ್ಟುಬಿಡಬೇಡಿ, ನಿಮ್ಮ ಹಿಂದೆ ಇಡೀ ಮನೆ ಕಾಯುತ್ತಿರುತ್ತದೆ. ಎಲ್ಲರದೂ ಆದ ಮೇಲೂ ಆ ನೀರನ್ನು ಚೆಲ್ಲದೆ, ಮರುದಿನ ಸಣ್ಣ ಪಂಪಿನಿಂದ ಬಟ್ಟೆ ಒಗೆಯುವ ಯಂತ್ರಕ್ಕೆ ಹಾಯಿಸುವವರು ಅನೇಕರು. ನೀರಿನ ಬಗೆಗಿನ ಈ ಕಾಳಜಿ ನನಗೆ ಬಹಳ ಮೆಚ್ಚುಗೆಯಾಗುತ್ತದೆ.

ಮನೆಯಲ್ಲಿ ಬಚ್ಚಲಿಲ್ಲದ ಕಾಲದಲ್ಲಿ ನಗರದವರಿಗೆ ಆಸರೆಯಾಗಿದ್ದದ್ದು ಬೀದಿಯ ಸಾರ್ವಜನಿಕ ಸ್ನಾನಗೃಹ, 'ಸೆಂಟೊ'. 1968ರ ಸುಮಾರಿಗೆ ದೇಶದಲ್ಲಿ ಹದಿನೆಂಟು ಸಾವಿರದಷ್ಟು ಸೆಂಟೊಗಳಿದ್ದವು. ಮನೆಮನೆಗೂ ತೊಟ್ಟಿ ಬಂದು ಈಗ ಎರಡು ಸಾವಿರಕ್ಕೂ ಕಡಿಮೆಯಾಗಿವೆ. ನಿತ್ಯದ ಅಗತ್ಯವೆಂದು ಅವುಗಳ ದರವನ್ನು ಇವತ್ತಿಗೂ ಪ್ರಾಂತ್ಯದ ಆಡಳಿತವೇ ಗೊತ್ತುಮಾಡುತ್ತದೆ. 2024ರ ಆಗಸ್ಟ್‌ನಲ್ಲಿ ಟೋಕಿಯೊ ನಗರ ದೊಡ್ಡವರಿಗೆ 550 ಯೆನ್ ನಿಗದಿ ಮಾಡಿತು.

ಸೆಂಟೊದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆಯಾಗಿ ತೂಗುಹಾಕಿದ ಪರದೆ ಸರಿಸಿ ಒಳಗೆ ಹೋಗಬೇಕು. ಮೈಮೇಲೆ ಒಂದೆಳೆಯೂ ಇರಬಾರದು, ಈಜುಡುಗೆಗೂ ಅವಕಾಶವಿಲ್ಲ. ಕೈಯಲ್ಲಿ ಒಂದು ಸಣ್ಣ ಟವೆಲ್ ಮಾತ್ರ. ನಲ್ಲಿಯ ಮುಂದೆ ಸ್ಟೂಲಿನ ಮೇಲೆ ಕೂತು, ಪಕ್ಕದವರಿಗೆ ಸಿಡಿಯದಂತೆ, ನೊರೆ ಒಂದಿಷ್ಟೂ ಉಳಿಯದಂತೆ ಮೈ ತೊಳೆಯಿರಿ. ಕೂತ ಸ್ಟೂಲನ್ನೂ ಬೋಗುಣಿಯನ್ನೂ ಜಾಲಾಡಿಸಿಡಿ. ಉದ್ದ ಕೂದಲಿದ್ದರೆ ಮೇಲೆ ಕಟ್ಟಿ. ಆಮೇಲೆ ಮೆಲ್ಲಗೆ ತೊಟ್ಟಿಗಿಳಿಯಿರಿ. ಟವೆಲ್ ನೀರಿಗೆ ತಾಗಬಾರದು; ಅದಕ್ಕೇ ಜನ ಅದನ್ನು ಮಡಚಿ ತಲೆಯ ಮೇಲಿಟ್ಟುಕೊಳ್ಳುವುದು. ತಲೆ ಮುಳುಗಿಸುವುದು, ಈಜುವುದು, ಫೋನು ಹೊರತೆಗೆಯುವುದು ಯಾವುದೂ ಸಲ್ಲದು. ಎದುರು ಗೋಡೆಯಲ್ಲಿ ಬಹಳ ಕಡೆ ಫ್ಯೂಜಿ ಪರ್ವತದ ದೊಡ್ಡ ಚಿತ್ರವಿರುತ್ತದೆ. ಆ ಪದ್ಧತಿ 1912ರಲ್ಲಿ ಟೋಕಿಯೊದ ಕಾಂಡಾ ಬಡಾವಣೆಯ ಸೆಂಟೊವೊಂದರಲ್ಲಿ ಶುರುವಾಯಿತು ಎನ್ನುತ್ತಾರೆ. ಹೊರಬರುವಾಗ ಮೈ ಒರೆಸಿಕೊಂಡೇ ಬಟ್ಟೆ ಬದಲಿಸುವ ಕೋಣೆಗೆ ಕಾಲಿಡಬೇಕು. ಅಲ್ಲಿ ಗಾಜಿನ ಬಾಟಲಿಯ ತಣ್ಣನೆ ಹಾಲು ಕುಡಿಯುವುದು ಹಳೆಯ ರೂಢಿ.

'ಒನ್‌ಸೆನ್' ಎಂದರೆ ಭೂಮಿಯಿಂದ ಉಕ್ಕುವ ಬುಗ್ಗೆಯ ನೀರಿನ ಸ್ನಾನ. ಇದಕ್ಕೆ 1948ರ ಕಾನೂನೇ ಇದೆ: ಚಿಮ್ಮುವ ನೀರು ಕನಿಷ್ಠ 25 ಡಿಗ್ರಿ ಇರಬೇಕು, ಇಲ್ಲವೇ ಪಟ್ಟಿಯಲ್ಲಿರುವ 19 ಬಗೆಯ ಅಂಶಗಳಲ್ಲಿ ಒಂದಾದರೂ ಗೊತ್ತಾದ ಪ್ರಮಾಣದಲ್ಲಿರಬೇಕು. ಜ್ವಾಲಾಮುಖಿಗಳ ನಾಡಾದ್ದರಿಂದ ಬುಗ್ಗೆಗಳಿಗೆ ಬರವಿಲ್ಲ. ಬೆಪ್ಪು ಪಟ್ಟಣವೊಂದರಲ್ಲೇ ಎರಡು ಸಾವಿರಕ್ಕೂ ಮೇಲ್ಪಟ್ಟಿವೆ. ಮತ್ಸುಯಾಮಾದ ದೋಗೊ ಒನ್‌ಸೆನ್‌ನ ಮರದ ಕಟ್ಟಡ 1894ರದು, ಈಗಲೂ ಬಳಕೆಯಲ್ಲಿದೆ. ಗಂಧಕದ ನೀರಿಗೆ ಬೆಳ್ಳಿ ಕಪ್ಪಾಗುತ್ತದೆ, ಹಾಗಾಗಿ ಕಾಲುಂಗುರ, ಗೆಜ್ಜೆ, ಉಡಿದಾರ ತೆಗೆದಿಟ್ಟು ಇಳಿಯಿರಿ. ಹಚ್ಚೆ ಹಾಕಿಸಿಕೊಂಡವರನ್ನು ಕೆಲವೆಡೆ ಬಿಡುವುದಿಲ್ಲ. ಅಲ್ಲಿ ಹಚ್ಚೆಗೆ ಭೂಗತ ಲೋಕದ ನಂಟಿದೆ. ಮುಂಚೆಯೇ ಕೇಳಿಕೊಳ್ಳುವುದು ಒಳ್ಳೆಯದು.

ಅಪರಿಚಿತರ ನಡುವೆ ಬೆತ್ತಲಾಗುವುದು ನಮ್ಮವರಲ್ಲಿ ಬಹಳ ಮಂದಿಗೆ ಕಷ್ಟ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಎಷ್ಟೋ ಒನ್‌ಸೆನ್ ವಸತಿಗೃಹಗಳಲ್ಲಿ ಒಂದು ಕುಟುಂಬಕ್ಕೆ ಗಂಟೆಯ ಲೆಕ್ಕದಲ್ಲಿ ಕೊಡುವ ಪ್ರತ್ಯೇಕ ಸ್ನಾನದ ಕೋಣೆಗಳಿವೆ. ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯುವವರಿಗೂ ನಾನು ಹೇಳುವುದು ಅದನ್ನೇ.

ಇನ್ನೊಂದು ಮಾತು. ಚಳಿಗಾಲದಲ್ಲಿ ತಣ್ಣನೆಯ ಕೋಣೆಯಿಂದ ಬಿಸಿ ತೊಟ್ಟಿಗೆ ಒಮ್ಮೆಗೇ ಇಳಿದಾಗ ರಕ್ತದೊತ್ತಡ ಏರುಪೇರಾಗಿ ಪ್ರಜ್ಞೆ ತಪ್ಪಿ ಮುಳುಗುವ ಹಿರಿಯರು ಜಪಾನಿನಲ್ಲಿ ಪ್ರತಿವರ್ಷವೂ ಸಾಯುತ್ತಾರೆ. ನೀರು 41 ಡಿಗ್ರಿ ದಾಟದಿರಲಿ, ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ ಎಂಬುದು ಅಲ್ಲಿನ ಸರ್ಕಾರದ ಸಲಹೆ. ಕುಡಿದು ಇಳಿಯಬೇಡಿ, ಏಳುವಾಗ ಅಂಚು ಹಿಡಿದು ನಿಧಾನವಾಗಿ ಏಳಿ, ಇಳಿಯುವ ಮುಂಚೆ ಜೊತೆಯಲ್ಲಿದ್ದವರಿಗೆ ಹೇಳಿ ಹೋಗಿ.