ಡಬಲ್ ಆ್ಯಕ್ಟಿಂಗ್ ವಂಶದಲ್ಲಿ ಬರುತ್ತಾ?

ಪರದೆಯ ಮೇಲೆ ಒಬ್ಬನೇ ಹೀರೋ ಇಬ್ಬರಾಗಿ ಎದುರುಬದುರು ನಿಂತರೆ ಸಾಕು, ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! 1967ರಲ್ಲೇ ದಿಲೀಪ್ ಕುಮಾರ್ ರಾಮನೂ ಆದರು, ಶ್ಯಾಮನೂ ಆದರು. 1972ರಲ್ಲಿ ಹೇಮಾಮಾಲಿನಿ ಸೀತೆಯೂ ಹೌದು, ಗೀತೆಯೂ ಹೌದು. 1978ರ ‘ಶಂಕರ್ ಗುರು’ವಿನಲ್ಲಂತೂ ಅಪ್ಪನೂ ಅಣ್ಣಾವ್ರೇ, ಇಬ್ಬರು ಮಕ್ಕಳೂ ಅಣ್ಣಾವ್ರೇ! ಅವಳಿ-ಜವಳಿ ಅಂದರೆ ಬಾಕ್ಸಾಫೀಸಿಗೆ ಹಬ್ಬ.

ಆದರೆ ನಿಜವಾದ ಮನೆಯಲ್ಲಿ? ಸೆಕೆಂಡ್ ಷೋ ಬಿಟ್ಟು ಟೀ ಅಂಗಡಿ ಮುಂದೆ ನಿಂತಾಗ ಗೆಳೆಯನೊಬ್ಬ ಸಪ್ಪೆ ಮುಖ ಹಾಕಿಕೊಂಡು ಕೇಳಿದ: “ಹುಡುಗಿ ಒಪ್ಪಿಗೆಯಾಗಿದಾಳೆ ಕಣೋ. ಆದ್ರೆ ಅವಳ ಜೊತೇಲೇ ಹುಟ್ಟಿದ ತಮ್ಮ ಒಬ್ಬ ಇದಾನೆ. ‘ಅವಳಿ ಮನೆತನ ಬೇಡಪ್ಪಾ, ಎರಡೆರಡು ಹುಟ್ಟಿದ್ರೆ ಸಾಕೋರು ಯಾರು?’ ಅಂತ ನಮ್ಮ ಸೋದರತ್ತೆ ಅಡ್ಡಗಾಲು ಹಾಕ್ತಿದಾರೆ. ನಿಜವಾಗ್ಲೂ ವಂಶದಲ್ಲಿ ಬರುತ್ತಾ?”

ಬರುತ್ತೆ. ಬರೋದಿಲ್ಲ. ಎರಡೂ ನಿಜ! ಹೇಗೆ ಅಂತೀರಾ?

ಅವಳಿಗಳಲ್ಲಿ ಎರಡು ಜಾತಿ. ಮೊದಲನೆಯದು ನಮ್ಮ ಸಿನಿಮಾದವರ ಅಚ್ಚುಮೆಚ್ಚಿನ ಜಾತಿ, ಅಚ್ಚು ಹೊಯ್ದಂತೆ ಒಂದೇ ಮುಖ. ತಾಯಿಯ ಒಂದೇ ಅಂಡ ಫಲಿತವಾಗಿ, ಆಮೇಲೆ ಎರಡಾಗಿ ಸೀಳಿ ಬೆಳೆದರೆ ಹುಟ್ಟುವವರು ಇವರು. ಒಂದೇ ನೆಗೆಟಿವ್‌ನಿಂದ ತೆಗೆದ ಎರಡು ಪ್ರಿಂಟು ಅನ್ನಿ. ಇದು ಬಹುಮಟ್ಟಿಗೆ ಆಕಸ್ಮಿಕ. ಯಾವ ದೇಶಕ್ಕೆ ಹೋಗಿ ನೋಡಿದರೂ ಸಾವಿರ ಹೆರಿಗೆಗೆ ಸುಮಾರು ನಾಲ್ಕು. ಇದಕ್ಕೂ ವಂಶಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ. ಅಂದರೆ ರಾಮ-ಶ್ಯಾಮರ ಮನೆಯಲ್ಲಿ ಮತ್ತೆ ರಾಮ-ಶ್ಯಾಮರೇ ಹುಟ್ಟಬೇಕೆಂದೇನೂ ಇಲ್ಲ.

ಎರಡನೆಯ ಜಾತಿಯೇ ಬೇರೆ. ಒಂದೇ ತಿಂಗಳಲ್ಲಿ ತಾಯಿಯ ಎರಡು ಅಂಡಗಳು ಹೊರಬಂದು ಎರಡೂ ಫಲಿತವಾದರೆ ಹುಟ್ಟುವವರು. ಇವರು ಒಂದೇ ಟಾಕೀಸಿನಲ್ಲಿ ಒಂದೇ ದಿನ ರಿಲೀಸಾದ ಎರಡು ಬೇರೆ ಬೇರೆ ಚಿತ್ರಗಳಿದ್ದಂತೆ! ಒಬ್ಬ ಬೆಳ್ಳಗೆ ಇನ್ನೊಬ್ಬ ಕಪ್ಪಗೆ ಇರಬಹುದು. ಒಂದು ಹೆಣ್ಣು ಒಂದು ಗಂಡೂ ಆಗಬಹುದು. ವಂಶದಲ್ಲಿ ಬರುವುದು ಈ ಜಾತಿ. ಒಂದೇ ಸಲಕ್ಕೆ ಎರಡು ಅಂಡ ಬಿಡುವ ಗುಣ ಕೆಲವು ಹೆಂಗಸರಿಗೆ ಹುಟ್ಟಿನಿಂದಲೇ ಇರುತ್ತದೆ. 2016ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ಇದಕ್ಕೆ ಸಂಬಂಧಿಸಿದ ಎರಡು ಜೀನ್‌ಗಳ ಸುಳಿವು ಹಿಡಿದರು. ಒಂದು, ಅಂಡವನ್ನು ಬೆಳೆಸುವ ಎಫ್‌ಎಸ್‌ಎಚ್ ಎಂಬ ಹಾರ್ಮೋನಿಗೆ ಸಂಬಂಧಿಸಿದ್ದು. ಇನ್ನೊಂದು, ಆ ಹಾರ್ಮೋನಿನ ಕರೆಗೆ ಅಂಡಾಶಯ ಓಗೊಡುವ ರೀತಿಗೆ ಸಂಬಂಧಿಸಿದ್ದು.

ಇಲ್ಲೇ ಇರೋದು ಕ್ಲೈಮ್ಯಾಕ್ಸ್! ಅಂಡ ಬಿಡುವುದು ಹೆಂಡತಿ, ಗಂಡನಲ್ಲ. ಆದ್ದರಿಂದ ನಿಮ್ಮ ತಾಯಿಯ ಕಡೆ ಎಷ್ಟೇ ಅವಳಿಗಳಿರಲಿ, ಆ ಕಾರಣಕ್ಕೆ ನಿಮ್ಮ ಹೆಂಡತಿಗೆ ಅವಳಿ ಆಗುವುದಿಲ್ಲ. ಆದರೆ ಆ ಗುಣ ನಿಮ್ಮೊಳಗೆ ಸದ್ದಿಲ್ಲದೆ ಅಡಗಿ ಕೂತು, ನಿಮ್ಮ ಮಗಳಿಗೆ ಹೋಗಬಹುದು. ಅಜ್ಜಿಗೆ ಅವಳಿ, ಮೊಮ್ಮಗಳಿಗೆ ಅವಳಿ, ನಡುವೆ ಮಗನ ತಲೆಮಾರು ಖಾಲಿ. “ಒಂದು ತಲೆ ಬಿಟ್ಟು ಒಂದು ತಲೆಗೆ ಬರುತ್ತೆ” ಎಂಬ ಮಾತು ಹುಟ್ಟಿದ್ದು ಹೀಗೆ.

ವಂಶವೊಂದೇ ಕಾರಣವೂ ಅಲ್ಲ. ಮೂವತ್ತೈದು ದಾಟಿದ ತಾಯಂದಿರಲ್ಲಿ ಅವಳಿ ಹೆಚ್ಚು. ಮಕ್ಕಳಾಗಲೆಂದು ಪಡೆಯುವ ಚಿಕಿತ್ಸೆಯಿಂದಲೂ ಹೆಚ್ಚು. ಕೇರಳದ ಮಲಪ್ಪುರಂ ಜಿಲ್ಲೆಯ ಕೊಡಿಂಞಿ ಎಂಬ ಹಳ್ಳಿಯಲ್ಲಂತೂ ನೂರಾರು ಜೋಡಿ ಅವಳಿಗಳು. ಸಂಶೋಧಕರು ಹೋಗಿ ಪರೀಕ್ಷಿಸಿದರೂ ಅಲ್ಲಿಯ ಗುಟ್ಟು ಇನ್ನೂ ಬಿಟ್ಟುಕೊಟ್ಟಿಲ್ಲ. ಇನ್ನು ಬಸುರಿ ಜೋಡಿ ಬಾಳೆಹಣ್ಣು ತಿಂದರೆ ಅವಳಿ ಹುಟ್ಟುತ್ತೆ ಅನ್ನೋದು? ಬರೀ ಬುರುಡೆ! ಹಣ್ಣು ಹೋಗುವುದು ಹೊಟ್ಟೆಗೆ, ಗರ್ಭಕ್ಕಲ್ಲ.

ಈಗ ಗೆಳೆಯನ ಕಥೆಗೆ ಬರೋಣ. ಹುಡುಗಿಯ ಜೊತೆ ಹುಟ್ಟಿದವನು ಗಂಡು. ಅಂದಮೇಲೆ ಅದು ಎರಡನೆಯ ಜಾತಿ. ತಾಯಿಯ ಗುಣ ಮಗಳಿಗೆ ಬಂದಿದ್ದರೂ ಬಂದಿರಬಹುದು. ಬಂದಿದ್ದರೆ ಅವಕಾಶ ಬೇರೆಯವರಿಗಿಂತ ಸುಮಾರು ಎರಡು ಪಟ್ಟು. ಅಬ್ಬಾ ಅನ್ನಬೇಡಿ. ಆಗಲೂ ನೂರು ಹೆರಿಗೆಯಲ್ಲಿ ತೊಂಬತ್ತೇಳು ತೊಂಬತ್ತೆಂಟು ಒಂಟಿ ಮಗುವೇ. ಇಷ್ಟಕ್ಕೆ ಹೆದರಿ ಒಳ್ಳೆ ಹುಡುಗಿಯನ್ನು ಬಿಟ್ಟುಬಿಡೋದಾ?

ಒಂದು ಮಾತು ಮಾತ್ರ ಸಿನಿಮಾ ಹೇಳುವುದಿಲ್ಲ. ಅವಳಿ ಬಸಿರು ತಾಯಿಗೆ ಕಷ್ಟದ ಬಸಿರು. ರಕ್ತಹೀನತೆ, ಬಿ.ಪಿ. ಜಾಸ್ತಿ ಕಾಡುತ್ತವೆ, ಅರ್ಧಕ್ಕಿಂತ ಹೆಚ್ಚು ಅವಳಿಗಳು ದಿನ ತುಂಬುವ ಮೊದಲೇ ಹುಟ್ಟುತ್ತವೆ. ಮೊದಲ ತಿಂಗಳುಗಳಲ್ಲೇ ಸ್ಕ್ಯಾನ್ ಮಾಡಿಸಿ, ಕಬ್ಬಿಣದ ಮಾತ್ರೆ ತಪ್ಪದೆ ಕೊಡಿಸಿ, ಹೆರಿಗೆಯನ್ನು ದೊಡ್ಡಾಸ್ಪತ್ರೆಯಲ್ಲೇ ಮಾಡಿಸಿದರೆ ಗಂಡನಾದವನು ಅರ್ಧ ಗೆದ್ದಂತೆ. ಪರದೆಯ ಮೇಲೆ ಡಬಲ್ ಆ್ಯಕ್ಟಿಂಗ್ ಹೀರೋನದು. ಮನೆಯಲ್ಲಿ ಅದು ತಾಯಿಯದು.

ಇಷ್ಟೂ ಹೇಳಿದ ಮೇಲೆ ಗೆಳೆಯ ಟೀ ಲೋಟ ಕೆಳಗಿಟ್ಟು ಎದ್ದ. “ಎಲ್ಲಿಗೋ?” ಅಂದೆ.

“ಸೋದರತ್ತೆ ಮನೆಗೆ. ಈ ಕಥೇನ ಅವರಿಗೂ ಹೇಳ್ಬೇಕಲ್ಲ!”

ಲಗ್ನಪತ್ರಿಕೆ ಮೊನ್ನೆ ಕೈಸೇರಿತು.