ಗುಟ್ಟಿನ ಪೊಟ್ಟಣ

ಒಳಗೇನಿದೆಯೆಂದು ತಿಳಿಯದ ಆಟಿಕೆ ಪೊಟ್ಟಣಕ್ಕೆ ಮಕ್ಕಳು ಹಟ ಹಿಡಿಯುವುದು ಮೈಸೂರಿನ ದಟ್ಟಗಳ್ಳಿಯಲ್ಲೂ ಉಂಟು, ಬೇರೆಡೆಯೂ ಉಂಟು. ಹಿಂದೆ ಶಾಲೆಯೆದುರಿನ ಪೆಟ್ಟಿಗೆ ಅಂಗಡಿಯಲ್ಲಿ, ರಟ್ಟಿಗೆ ಅಂಟಿಸಿದ ಚೀಟಿ ಕಿತ್ತರೆ ಬಲೂನೋ ಪೀಪಿಯೋ ಸಿಗುತ್ತಿತ್ತು. ಇದು ಜೂಜಿನ ಮೊದಲ ಪಾಠವೇ?

ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಇಲ್ಲಿ ನೆನಪಾಗುತ್ತವೆ. ಬಿಲ್ಲೆಯನ್ನು ಕುಕ್ಕಿದಾಗಲೆಲ್ಲ ಕಾಳು ಪಡೆದ ಹಕ್ಕಿ, ಕಾಳು ನಿಂತರೆ ಬೇಗ ಸುಮ್ಮನಾಗುತ್ತದೆ. ಒಮ್ಮೆ ಸಿಕ್ಕಿ ಒಮ್ಮೆ ಸಿಗದೆ ರೂಢಿಯಾದ ಹಕ್ಕಿ ಕುಕ್ಕುತ್ತಲೇ ಇರುತ್ತದೆ. ಲಾಟರಿಯ ಸೆಳೆತವೂ ಇದೇ. 1998ರ ಕೇಂದ್ರ ಕಾಯ್ದೆ ಒಂಟಿ ಅಂಕಿಯ ಲಾಟರಿಯನ್ನು ನಿಷೇಧಿಸಿ, ಒಂದು ಲಾಟರಿಗೆ ವಾರಕ್ಕೊಂದೇ ಡ್ರಾ ಎಂದಿತು. ಕರ್ನಾಟಕ 2007ರಲ್ಲಿ ಲಾಟರಿಯನ್ನೇ ನಿಷೇಧಿಸಿತು. ಕೆಲವು ವಿಡಿಯೊ ಗೇಮ್‌ಗಳಲ್ಲಿ ಹಣ ತೆತ್ತು ತೆರೆಯುವ ಅದೃಷ್ಟದ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲಿ ಜೂಜೆಂದೇ ಪರಿಗಣಿಸಿತು. ಅವುಗಳಿಗೆ ಹೆಚ್ಚು ಸುರಿಯುವವರಲ್ಲಿ ಜೂಜಿನ ಚಟವೂ ಹೆಚ್ಚೆಂದು ಅಧ್ಯಯನಗಳು ಕಂಡಿವೆ. ಆದರೆ ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಹಾಗೆಂದು ಅದೃಷ್ಟದಾಟವೆಲ್ಲ ಕೆಡುಕಲ್ಲ. ಕವಡೆ ಹಾಕಿ ಚೌಕಾಬಾರ ಆಡುವ ಮಗುವೂ ಅದೃಷ್ಟವನ್ನು ನೆಚ್ಚುತ್ತದೆ. ಆದರೆ ಅಲ್ಲಿ ಸೋತರೆ ಕಾಸು ಹೋಗದು. ಮುಂದಿನ ಆಟಕ್ಕೆ ತಾಳ್ಮೆಯಿಂದ ಕಾಯುವುದನ್ನು ಮಗು ಕಲಿಯುತ್ತದೆ. ಹಬ್ಬಕ್ಕೊಮ್ಮೆ ಹಿರಿಯರು ಕೊಡುವ ಗುಟ್ಟಿನ ಪೊಟ್ಟಣವೂ ಅಷ್ಟೆ, ಬಿಚ್ಚಿದರೆ ಮುಗಿಯಿತು. 'ಇದು ಬೇಡ, ಇನ್ನೊಂದು ಕೊಡಿಸಪ್ಪಾ' ಎಂದು ಮಗು ಮತ್ತೆ ಅಂಗಡಿಯತ್ತ ಎಳೆದಾಗ ಅದು ಉಡುಗೊರೆಯಾಗಿ ಉಳಿಯುವುದಿಲ್ಲ. ತಂದೆ ತಾಯಿ ಯೋಚಿಸಬೇಕಾದ್ದು ಆ ಎರಡನೆಯ ಪೊಟ್ಟಣದ ಬಗ್ಗೆ.